ಕಿರಿಯ ಹಂಚಿದ್ದು, ಹಿರಿಯ ಆರಿಸಿದ್ದು

ಬ್ರಿನ್‌ಹೀರ್, ಪೆನ್ಲಿನ್ ನಾಡು
ಸಂತ ಮೈಕೆಲ್ ಹಬ್ಬದ ಹಿಂದಿನ ದಿನ, ೧೫೪೧

ಎದ್ನವೆದ್ ಅಣ್ಣನಿಗೆ,

ನೀನು ಚೆನ್ನಾಗಿದ್ದೀಯ ಎಂದು ಲಡ್ಲೋ ಕಡೆಗೆ ದನ ಹೊಡೆದುಕೊಂಡು ಹೋಗಿದ್ದವನು ಬಂದು ಹೇಳಿದ. ಹಾಗಾಗಿ ಕ್ಷೇಮ ಕೇಳುವ ಕೆಲಸ ತಪ್ಪಿತು. ನಿನ್ನ ಕಾಲು ಮುರಿದಿಲ್ಲ. ಜ್ವರ ಬಂದಿಲ್ಲ. ಸೆರೆಮನೆಯಲ್ಲೂ ಇಲ್ಲ. ಮತ್ತೆ ಅಪ್ಪನನ್ನು ಮಣ್ಣು ಮಾಡಲು ಏಕೆ ಬರಲಿಲ್ಲ?

ಸುದ್ದಿ ಮುಟ್ಟಲಿಲ್ಲ ಎನ್ನಬೇಡ. ಮುಟ್ಟಿಸಿದವನಿಗೆ ನೀನು ಬಿಯರು ಕುಡಿಸಿದೆಯಂತೆ. ಅದನ್ನೂ ಅವನು ಊರೆಲ್ಲ ಹೇಳಿಕೊಂಡು ಬಂದ. ಗುಂಡಿಯ ಹತ್ತಿರ ಪಾದ್ರಿ, "ಹಿರಿಯ ಮಗ ಎಲ್ಲಿ?" ಎಂದು ಕೇಳಿದಾಗ ನಾನೂ ನಡುವಿನವನು ಮದೋಗನೂ ನೆಲ ನೋಡಿದೆವು. ಅವ್ವ ಮಾತ್ರ ತಲೆ ಎತ್ತಿ, "ಲಡ್ಲೋದಲ್ಲಿ ವಕೀಲರ ಮಸಿ ಅರೀತಾವ್ನೆ. ಮಣ್ಣು ಮುಟ್ಟಿದ್ರೆ ಕೈ ಮಾಸ್ತದೆ ಅವನ್ದು" ಅಂದಳು. ಮೊದಲ ಹಿಡಿ ಮಣ್ಣನ್ನು ನಿನ್ನ ಬದಲು ಮದೋಗ ಹಾಕಿದ. ಅದು ಸರಿಯೋ ತಪ್ಪೋ ಎಂದು ನಾನು ಇವತ್ತಿಗೂ ಯೋಚಿಸುತ್ತಿದ್ದೇನೆ. ಗುಂಡಿಯ ಆಳ ಸಾಲದೇನೋ ಎಂಬ ಅನುಮಾನವೂ ಇದೆ. ಮಳೆ ಬಂದಾಗಲೆಲ್ಲ ಹೋಗಿ ನೋಡಿ ಬರುತ್ತೇನೆ.

ಈಗ ಹಂಚುವ ಕೆಲಸ ನನ್ನ ತಲೆಯ ಮೇಲಿದೆ. ನಮ್ಮ ಪದ್ಧತಿ ನಿನಗೆ ನೆನಪಿದೆಯೋ, ಇಲ್ಲ ಅದನ್ನೂ ಅಲ್ಲೇ ಮಾರಿಕೊಂಡೆಯೋ ಗೊತ್ತಿಲ್ಲ. ಕಿರಿಯನು ಹಂಚಬೇಕು, ಹಿರಿಯನು ಮೊದಲು ಆರಿಸಬೇಕು. ನೀನು ಆರಿಸಿದ ಮೇಲೆ ಮದೋಗ. ಕೊನೆಗೆ ಉಳಿದದ್ದು ನನಗೆ, ಅಪ್ಪನ ಮನೆಯೂ ನನಗೆ. ಹಂಚುವವನಿಗೆ ಕೊನೆಯದು ಸಿಗುವುದರಿಂದ ಅವನು ಮೋಸ ಮಾಡುವುದಿಲ್ಲ ಎಂದು ನಮ್ಮ ಹಿರಿಯರ ಲೆಕ್ಕ. ಮೋಸ ಮಾಡುವ ಧೈರ್ಯ ನನಗೆಲ್ಲಿ ಬರಬೇಕು? ತಪ್ಪು ಮಾಡಿಬಿಡುತ್ತೇನೇನೋ ಎಂಬುದೇ ನನ್ನ ಹೆದರಿಕೆ. ಮುತ್ತಜ್ಜ ಯೊರ್ವರ್ಥನ ಹಾಸಿಗೆ ಎಂದು ಎಲ್ಲರೂ ಕರೆಯುವ ಆ ಬಯಲಿನಲ್ಲಿ ನಮ್ಮ ಹೊಲದ ಪಟ್ಟಿಗಳೂ ದಾಯಾದಿ ಕದ್ವಗನ್‌ನ ಪಟ್ಟಿಗಳೂ ಒಂದರ ಪಕ್ಕ ಒಂದು, ಮಕ್ಕಳು ಮಲಗಿದ ಹಾಗೆ ಬಿದ್ದಿವೆ. ನಡುವೆ ಎರಡು ಸಾಲಿನಗಲದ ಹುಲ್ಲಿನ ಬದು ಬಿಟ್ಟರೆ ಬೇರೆ ಗುರುತೇ ಇಲ್ಲ. ತ್ರವೆರಿನ್ ಹೊಳೆಯ ದಂಡೆ, ಮೇಲಿನ ಜೌಗು, ಮನೆಯ ಸುತ್ತು ಎಂದು ಪಟ್ಟಿಗಳನ್ನು ಮೂರು ಪಾಲು ಮಾಡಿದೆ. ಸರಿಯಾಗಲಿಲ್ಲ ಎನಿಸಿ ಗಡಿಕಲ್ಲು ಕಿತ್ತು ಮತ್ತೆ ಮೂರು ಮಾಡಿದೆ. "ಇನ್ನೊಂದ್ ಸಲ ಕಲ್ಲು ಕಿತ್ರೆ ಅದೇ ಕಲ್ಲಲ್ಲಿ ಹೊಡಿತೀನಿ" ಎಂದು ನನ್ನ ಹೆಂಡತಿ ಹುನಿದ್ ಹೇಳಿದ ಮೇಲೆ ನಿಲ್ಲಿಸಿದ್ದೇನೆ.

ಬಂದು ಆರಿಸಿಕೋ. ನೀನು ಆರಿಸುವವರೆಗೆ ಮದೋಗ ಆರಿಸುವಂತಿಲ್ಲ, ನಾನು ಬಿತ್ತುವಂತಿಲ್ಲ. ನಮ್ಮ ಮುಖ ಬೇಡವಾದರೆ ಅಪ್ಪನ ಮುಖ ನೋಡಿಯಾದರೂ ಬಾ ಎನ್ನುತ್ತಿದ್ದೆ. ಆ ಮುಖ ಈಗ ಮಣ್ಣಿನಡಿ ಇದೆ.

ಇಂದಿಗೆ ನಿನ್ನ ತಮ್ಮ ಎನ್ನಲು ಮನಸ್ಸಿಲ್ಲದ
ಗೊರೊನ್ವಿ


ಲಡ್ಲೋ
ಕ್ರಿಸ್‌ಮಸ್‌ಗೆ ಮುಂಚಿನ ಶುಕ್ರವಾರ, ೧೫೪೧

ಪ್ರಿಯ ಗೊರೊನ್ವಿ,

ನಿನ್ನ ಕೋಪ ನ್ಯಾಯವಾದದ್ದು. ಅದನ್ನು ತಲೆಬಾಗಿ ತೆಗೆದುಕೊಂಡಿದ್ದೇನೆ. ಆದರೆ ಇಲ್ಲಿ ಯಜಮಾನರ ಕೆಲಸ ನಮ್ಮ ಮನೆಯ ಸಾವಿಗೆಂದು ನಿಲ್ಲುವುದಿಲ್ಲ. ಸೀಮೆಸೀಮೆಗಳ ವ್ಯಾಜ್ಯವೆಲ್ಲ ಈಗ ಈ ಊರಿನ ಬಾಗಿಲಿಗೆ ಬರುತ್ತಿದೆ. ಬೆಳಗಾದರೆ ಬರೆಯುವುದು, ಬೆರಳು ಮರಗಟ್ಟುವವರೆಗೆ ಬರೆಯುವುದು. ನೀನು ಮಠದಲ್ಲಿ ಓದುತ್ತಿದ್ದಾಗ ಬೆರಳಿಗೆ ಮಸಿ ಅಂಟಿತೆಂದು ಅಳುತ್ತಿದ್ದೆ. ರಾಜ ಮಠ ಮುಚ್ಚಿಸಿ ಸನ್ಯಾಸಿಗಳನ್ನು ಓಡಿಸದೆ ಇದ್ದಿದ್ದರೆ ನೀನೂ ಇಂಥದೇ ಬೆಂಚಿನ ಮೇಲೆ ಕೂತಿರುತ್ತಿದ್ದೆ, ನನ್ನನ್ನು ಇಷ್ಟು ಬಯ್ಯುತ್ತಿರಲಿಲ್ಲ.

ಮೇ ತಿಂಗಳ ಮೊದಲ ದಿನ ಖಂಡಿತ ಬರುತ್ತೇನೆ. ಪದ್ಧತಿಯಂತೆ ಎಲ್ಲರೆದುರು ಆರಿಸುತ್ತೇನೆ. ನೀನು ಹೇಗೆ ಹಂಚಿದರೂ ನನಗೆ ಒಪ್ಪಿಗೆ. ತಲೆ ಕೆಡಿಸಿಕೊಳ್ಳಬೇಡ, ಕಲ್ಲು ಕೀಳಬೇಡ.

ಒಂದು ಸಣ್ಣ ವಿಷಯ. ಅಪ್ಪನ ಆತ್ಮಕ್ಕೆ ಇಲ್ಲಿಯ ಚರ್ಚಿನಲ್ಲಿ ಪೂಜೆ ಮಾಡಿಸಬೇಕೆಂದಿದ್ದೇನೆ. ಆತ ತೀರಿಕೊಂಡ ದಿನ ಯಾವುದು? ದನದವನು ಹುಲ್ಲು ಕೊಯ್ಲಿನ ಹೊತ್ತು ಎಂದನಷ್ಟೆ. ಜೂನ್ ತಿಂಗಳ ಸಂತ ಜಾನ್ ಹಬ್ಬಕ್ಕೆ ಮುಂಚೆಯೋ ಆಮೇಲೋ ಎಂದರೆ ತಿಳಿಯದು ಎಂದ. ದಿನ ತಪ್ಪಿದ ಪೂಜೆ ಫಲ ಕೊಡುವುದಿಲ್ಲವಾದ್ದರಿಂದ ಸರಿಯಾಗಿ ತಿಳಿಸು.

ಅವ್ವನ ಕಾಲಿಗೆ ನನ್ನ ಹೆಸರಿನಲ್ಲಿ ನಮಸ್ಕಾರ ಮಾಡು.

ನಿನ್ನ ಅಣ್ಣ
ಎದ್ನವೆದ್


ಬ್ರಿನ್‌ಹೀರ್
ಮೇ ತಿಂಗಳ ಎರಡನೆಯ ಭಾನುವಾರ, ೧೫೪೨

ಅಣ್ಣಾ,

ನಾನು ಕತ್ತೆ. ನೀನು ಕುದುರೆ ಏರಿ ಹೋದ ಮೇಲೆ ಗುಡ್ಡದವರೆಗೂ ಓಡಿ ಬಂದು ಇದನ್ನು ಬಾಯಲ್ಲೇ ಹೇಳಬೇಕೆಂದಿದ್ದೆ. ಹುನಿದ್ ಬಿಡಲಿಲ್ಲ. "ಕತ್ತೆ ಅಂತ ಹೇಳಕ್ಕೆ ಕತ್ತೆ ಥರ ಓಡ್ಬೇಕಾ?" ಅಂದಳು. ಹಾಗಾಗಿ ಬರೆಯುತ್ತಿದ್ದೇನೆ.

ನೀನು ಹೊಳೆದಂಡೆಯ ಪಾಲನ್ನೇ ಬೆರಳು ಮಾಡಿ ತೋರಿಸುತ್ತೀಯ ಎಂದು ನಾನು ಚಳಿಗಾಲವಿಡೀ ನಿದ್ದೆಗೆಟ್ಟಿದ್ದೆ. ಕುಲದವರೆಲ್ಲ ನೋಡುತ್ತಿದ್ದರು. ಮದೋಗ ಹಲ್ಲು ಕಚ್ಚಿಕೊಂಡು ನಿಂತಿದ್ದ. ನೀನು ಬೂಟಿನ ತುದಿಯಿಂದ ಮೇಲಿನ ಜೌಗು ಪಾಲನ್ನು ತೋರಿಸಿ, "ನಂಗೆ ಅದು ಸಾಕು. ಊರಲ್ಲಿ ಇರೋರು ನೀವು, ಒಳ್ಳೇದು ನಿಮಗಿರಲಿ" ಅಂದೆ. ಮೊದಲು ಬಾಯಿ ಬಿಟ್ಟವನು ಕದ್ವಗನ್: "ಲಡ್ಲೋ ನೀರು ಒಳ್ಳೇದು ಕಣ್ರಪ್ಪಾ, ಮನುಷ್ಯಂಗೆ ಕುಡಿಸಿ ಸಂತನ್ನ ಮಾಡಿ ಕಳಿಸ್ತದೆ!" ಎಲ್ಲ ನಕ್ಕರು. ನಾನು ಮಾತ್ರ ಅತ್ತೆ. ಮದೋಗ ಹೊಳೆದಂಡೆ ತೆಗೆದುಕೊಂಡ. ನನಗೆ ಮನೆಯ ಸುತ್ತಲಿನ ಪಾಲು ಉಳಿಯಿತು. ಅದೇ ನನಗೆ ಬೇಕಾಗಿತ್ತು.

ಅಪ್ಪ ಜುಲೈ ಕೊನೆಯ ಸಂತ ಜೇಮ್ಸ್ ಹಬ್ಬದ ದಿನ ಹೋದನೆಂದು ಮಾಗಿಯಲ್ಲೇ ಬರೆದು ಕಳಿಸಿದ್ದೆನಲ್ಲ. ಪ್ರತಿ ವರ್ಷ ಅದೇ ದಿನ ಪೂಜೆ ನಡೆಯುವಂತೆ ಏರ್ಪಾಡಾಗಿದೆ ಎಂದು ನೀನು ಹೇಳಿದಾಗ ಅವ್ವ ಮುಖ ಆಚೆ ತಿರುಗಿಸಿದಳು. ಅವಳು ಅಳುವುದು ಹಾಗೆಯೇ.

ಆದರೆ ಅವಳ ಬಾಯಿ ನಿನಗೆ ಗೊತ್ತು. ನೀನು ಹೋದ ದಿನವೇ ಸಾರು ಬಡಿಸುತ್ತ, "ಹಿರೇಮಗ ಕೊಬ್ಬು ಬಿಟ್ಟು ಮೂಳೆ ಆರಿಸ್ಕಂಡ ಅಂದ್ರೆ ಇಡೀ ಕುರಿ ಮೇಲೇ ಕಣ್ಣೈತೆ ಅಂತ ಅರ್ಥ" ಅಂದಳು. ನಾನು ಬಟ್ಟಲು ಕುಕ್ಕಿ ಎದ್ದೆ. ಹೆತ್ತ ಮಗನ ಬಗ್ಗೆ ಹೀಗೆ ಮಾತಾಡುತ್ತಾರೆಯೇ? ಅವಳಿಗೂ ನನಗೂ ಈಗ ಮಾತಿಲ್ಲ. ಮದೋಗ ಬೇರೆ ನಗುತ್ತಾನೆ. ಅವನ ಮೇಲೂ ನನಗೆ ಸಿಟ್ಟು. ಒಳ್ಳೆಯ ಪಾಲು ಸಿಕ್ಕಿದವನಿಗೆ ಕೊಟ್ಟವನ ಮೇಲೆ ಒಂದಿಷ್ಟಾದರೂ ನಂಬಿಕೆ ಬೇಡವೇ?

ನಿನ್ನ ಜೌಗಿಗೆ ಒಂದು ಕಾಲುವೆ ತೋಡುತ್ತೇನೆ. ನೀನು ಬೇಡವೆಂದರೂ ತೋಡುತ್ತೇನೆ.

ನಾಚಿಕೊಂಡಿರುವ ನಿನ್ನ ತಮ್ಮ
ಗೊರೊನ್ವಿ


ಲಡ್ಲೋ
ಜುಲೈ ಹನ್ನೆರಡು, ೧೫೪೩

ಗೊರೊನ್ವಿಗೆ,

ಇದನ್ನು ಸಾವಧಾನವಾಗಿ ಓದು. ಮದೋಗನಿಗೆ ಓದಿ ಹೇಳುವ ಮುನ್ನ ನೀನೊಬ್ಬನೇ ಒಮ್ಮೆ ಓದಿಕೋ.

ಈ ವಸಂತದಲ್ಲಿ ಪಾರ್ಲಿಮೆಂಟು ನಮ್ಮ ದೇಶಕ್ಕೆಲ್ಲ ಒಂದೇ ಕಾನೂನು ಮಾಡಿದೆ. ಹಳೆಯ ನಾಡು, ಸೀಮೆ ಇವೆಲ್ಲ ಇನ್ನು ಹೆಸರಿಗಷ್ಟೆ. ತಂದೆಯ ಜಮೀನನ್ನು ಗಂಡುಮಕ್ಕಳು ಒಡೆದುಕೊಳ್ಳುವ ಪದ್ಧತಿ ರದ್ದಾಗಿದೆ. ಇಂಗ್ಲೆಂಡಿನಲ್ಲಿರುವಂತೆ ಎಲ್ಲವೂ ಹಿರಿಯ ಮಗನಿಗೆ. ಇದು ಜಾರಿಯಾಗುವುದು ಈ ವರ್ಷದಿಂದಲ್ಲ, ೧೫೪೧ರ ಸಂತ ಜಾನ್ ಹಬ್ಬದಿಂದ. ಅಪ್ಪ ತೀರಿಕೊಂಡದ್ದು ಆ ಹಬ್ಬದ ಮುಂದಿನ ತಿಂಗಳು. ಆದ್ದರಿಂದ ಕಳೆದ ವರ್ಷ ನಾವು ಮಾಡಿಕೊಂಡ ಪಾಲು ಕಾನೂನಿನ ಕಣ್ಣಿನಲ್ಲಿ ಪಾಲೇ ಅಲ್ಲ.

ನಿನಗೆ ಸಿಟ್ಟು ಬರುತ್ತದೆ. ಬರಲಿ. ಆದರೆ ಯೋಚಿಸಿ ನೋಡು. ಮುತ್ತಜ್ಜನಿಗೆ ಇಡೀ ಬಯಲಿತ್ತು. ಅಜ್ಜನಿಗೆ ಅದರಲ್ಲಿ ಕಾಲು ಭಾಗ ಬಂತು. ಅಪ್ಪನಿಗೆ ಅಲ್ಲೊಂದು ಇಲ್ಲೊಂದು ಪಟ್ಟಿ. ನಮಗೆ ಅದರಲ್ಲೂ ಮೂರು ಚೂರು. ನಿನ್ನ ಮಕ್ಕಳು ಏನನ್ನು ಹಂಚಿಕೊಳ್ಳುತ್ತಾರೆ, ಬದುವನ್ನೇ? ನ್ಯಾಯ ನ್ಯಾಯ ಎನ್ನುತ್ತಲೇ ನಮ್ಮ ಕುಲ ಭಿಕ್ಷೆಗೆ ಬಂದಿದೆ. ಯಾರಾದರೂ ಒಬ್ಬರು ಇದನ್ನು ನಿಲ್ಲಿಸಬೇಕು. ಪಟ್ಟಿಗಳನ್ನು ಒಟ್ಟುಮಾಡಿ ಬೇಲಿ ಹಾಕಿ ಕುರಿ ಬಿಡುವ ಯೋಚನೆಯಿದೆ.

ನಿನ್ನನ್ನೂ ಅವ್ವನನ್ನೂ ನಾನು ಬೀದಿಗೆ ಹಾಕುವವನಲ್ಲ. ನೀನು ನನ್ನ ಒಕ್ಕಲಾಗಿ ಅದೇ ಮನೆಯಲ್ಲಿ ಇರಬಹುದು. ಗೇಣಿಯ ಮಾತು ಆಮೇಲೆ ಆಡೋಣ.

ಎಡ್ವರ್ಡ್ ಪೊವೆಲ್


ಬ್ರಿನ್‌ಹೀರ್
ಆಗಸ್ಟ್ ಮೊದಲ ದಿನ, ೧೫೪೩

ಎಡ್ವರ್ಡ್ ಪೊವೆಲ್ ಅವರಿಗೆ,

ಕೆಳಗಿನ ಸಹಿ ನೋಡಿ ಇನ್ಯಾರದೋ ಕಾಗದ ನಮಗೆ ಬಂದಿದೆ ಎಂದುಕೊಂಡೆ. ಆಮೇಲೆ ತಿಳಿಯಿತು. ಎದ್ನವೆದ್ ಎಂಬುದನ್ನು ಎಡ್ವರ್ಡ್ ಮಾಡಿ, ಅಪ್ ಹೊವೆಲ್, ಎಂದರೆ ಹೊವೆಲನ ಮಗ, ಎಂಬುದನ್ನು ಇಂಗ್ಲಿಷರ ಬಾಯಿಗೆ ಹೊಂದುವಂತೆ ಜಜ್ಜಿ ಪೊವೆಲ್ ಮಾಡಿಕೊಂಡಿದ್ದೀರಿ. ಅಪ್ಪನ ಹೆಸರೂ ನಿಮಗೇ ಹೋಯಿತೇ? ಅದನ್ನಾದರೂ ಮೂವರಿಗೆ ಹಂಚುವಿರೋ, ಹಿರಿಯನೊಬ್ಬನಿಗೆ ಮಾತ್ರವೋ?

ಅಣ್ಣಾ, ಬರೆದದ್ದನ್ನು ಎರಡು ಸಲ ಹೊಡೆದುಹಾಕಿದ್ದೇನೆ. ಸಿಟ್ಟಿಗೋ ಹೆದರಿಕೆಗೋ ನನಗೇ ತಿಳಿಯುತ್ತಿಲ್ಲ. ಈ ವರ್ಷ ಹುಟ್ಟಿದ ಕೂಸು ಎರಡು ವರ್ಷದ ಕೆಳಗೆ ಬಂದು ನಮ್ಮ ಮನೆ ಬಾಗಿಲು ಒದೆಯಿತೆಂದರೆ ಅದು ಎಂಥ ಕಾನೂನು? ನಾವು ಹಂಚಿದ ದಿನ ಅದು ಇರಲಿಲ್ಲ. ನೀನು ಆರಿಸಿದ ದಿನ ಅದು ಇರಲಿಲ್ಲ. ಕುಲವೆಲ್ಲ ನೋಡುತ್ತಿದ್ದ ದಿನ ಇರಲಿಲ್ಲ. ಮದೋಗ ದಂಡೆಗೆ ಗೊಬ್ಬರ ಹೊತ್ತು ಬೆನ್ನು ಬಾಗಿಸಿಕೊಂಡಾಗ ಇರಲಿಲ್ಲ. ನಾನು ನಿನ್ನ ಜೌಗಿನಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಕಾಲುವೆ ತೋಡಿದೆನಲ್ಲ, ಆಗಲೂ ಇರಲಿಲ್ಲ!

ಮದೋಗ ಕಾಗದ ಕಿತ್ತುಕೊಂಡು ನೋಡಿದ. ಓದಲು ಬರುವುದಿಲ್ಲ ಅವನಿಗೆ, ಸುಮ್ಮನೆ ನೋಡಿದ. ಆಮೇಲೆ, "ಈ ಮಾತು ಲಡ್ಲೋದ ಬರಹದೋರ ನಡುವೆ ಎಷ್ಟು ದಿನದಿಂದ ಓಡಾಡ್ತಿತ್ತಂತೆ? ಕೇಳ್ನೋಡು" ಅಂದ. ನಾನು ನಿನ್ನ ಹಳೆಯ ಕಾಗದ ತೆಗೆದು ಮತ್ತೆ ಓದಿದೆ.

ಪೂಜೆಗೆ ದಿನ ಬೇಕು ಎಂದಿದ್ದೆ. ಸಂತ ಜಾನ್ ಹಬ್ಬಕ್ಕೆ ಮುಂಚೆಯೋ ಆಮೇಲೋ ಎಂದು ಕೇಳಿದ್ದೆ. ವರ್ಷದಲ್ಲಿ ಅಷ್ಟೊಂದು ಹಬ್ಬಗಳಿರುವಾಗ ಅದೊಂದೇ ಹಬ್ಬದ ಹೆಸರು ನಿನ್ನ ಬಾಯಿಗೆ ಏಕೆ ಬಂತು? ನಾನು ದಡ್ಡ, ದಿನ ತಪ್ಪಬಾರದೆಂದು ಪಾದ್ರಿಯನ್ನೂ ಕೇಳಿ ಬರೆದು ಕಳಿಸಿದೆ. ಆಮೇಲೆ ನೀನು ಜೌಗು ಆರಿಸಿದೆ. ಎಲ್ಲವೂ ತನ್ನದೇ ಆಗುತ್ತದೆ ಎಂದು ತಿಳಿದವನಿಗೆ ಯಾವುದನ್ನು ತೋರಿಸಿದರೇನು! ಬೂಟಿಗೆ ಹತ್ತಿರವಿದ್ದದ್ದನ್ನು ತೋರಿಸಿದೆ ಅಷ್ಟೆ. ನಾನು ಅತ್ತೆನಲ್ಲ, ಅದನ್ನು ನೋಡುತ್ತ ನಿಂತಿದ್ದೆಯಲ್ಲ, ಆಗ ನಿನ್ನ ಹೊಟ್ಟೆಯೊಳಗೆ ಏನಾಗುತ್ತಿತ್ತು?

ನನ್ನ ಮಕ್ಕಳು ಬದು ಹಂಚಿಕೊಳ್ಳುತ್ತಾರೆಯೇ ಎಂದು ಕೇಳಿದ್ದೀಯ. ನಿಜ, ಚೂರು ಸಣ್ಣದಾಗುತ್ತಿದೆ. ಅದು ನನಗೆ ತಿಳಿಯದ್ದೇ? ಅದನ್ನೇ ಯೋಚಿಸಿ ಯೋಚಿಸಿ ನನ್ನ ತಲೆಗೂದಲು ಉದುರಿದೆ. ಆದರೆ ಸಣ್ಣ ರೊಟ್ಟಿಯನ್ನು ಮೂವರು ಮುರಿದು ತಿನ್ನುವುದು ಬೇರೆ, ಒಬ್ಬ ಎದ್ದು ರೊಟ್ಟಿ ಕಂಕುಳಲ್ಲಿಟ್ಟುಕೊಂಡು, ನಿಮಗೆ ಹಸಿವಾಗದಂತೆ ನಾನು ನೋಡಿಕೊಳ್ಳುತ್ತೇನೆ ಎನ್ನುವುದು ಬೇರೆ. ಅಪ್ಪನ ಹಂಡೆ, ಅಪ್ಪನ ಕೊಡಲಿ, ಅಪ್ಪನ ನೇಗಿಲಿನ ಕಬ್ಬಿಣ ಈ ಮೂರು ಕಿರಿಯನಿಗೆ ಎಂದು ನಮ್ಮ ಪದ್ಧತಿ. ಅದಕ್ಕೂ ಪಾರ್ಲಿಮೆಂಟಿನಲ್ಲಿ ಏನಾದರೂ ಬರೆದಿದ್ದಾರೆಯೇ? ಬರೆದಿದ್ದರೆ ತಿಳಿಸು. ಹಂಡೆಯಲ್ಲಿ ಈಗ ಸಾರು ಕುದಿಯುತ್ತಿದೆ, ಚೆಲ್ಲಿ ಕಳಿಸುತ್ತೇನೆ.

ಒಕ್ಕಲಂತೆ! ನಿನ್ನ ಒಕ್ಕಲು! ಅವ್ವ ನಿನಗೆ ಗೇಣಿ ಕೊಡಬೇಕೇ? ನಿನ್ನನ್ನು ಹೊತ್ತಿದ್ದಕ್ಕೆ ಅವಳು ನಿನ್ನಿಂದ ತೆಗೆದುಕೊಂಡ ಬಾಡಿಗೆಯೆಷ್ಟು?

ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಇದೊಂದಕ್ಕೆ ಉತ್ತರ ಬರೆ, ಬೇರೇನೂ ಬರೆಯಬೇಡ. ನಿನಗೆ ಇದು ಯಾವಾಗ ಗೊತ್ತಾಯಿತು?

ಗೊರೊನ್ವಿ


ಬ್ರಿನ್‌ಹೀರ್
ಚಳಿಗಾಲದ ಮೊದಲ ದಿನ, ೧೫೪೩

ಎದ್ನವೆದ್,

ನಿಮ್ಮವ್ವ ಹೇಳ್ತಾವ್ಳೆ, ಗೊರೊನ್ವಿ ಬರೀತಾವ್ನೆ. ಹೇಳಿದ್ದನ್ನ ಹಂಗೇ ಬರಿ ಅಂದಿದೀನಿ, ನಯ ಮಾಡಿದ್ರೆ ಕಿವಿ ಹಿಂಡ್ತೀನಿ ಅಂತಾನೂ ಅಂದಿದೀನಿ.

ನಿನ್ನ ತಮ್ಮ ಕೇಳಿದ್ದಕ್ಕೆ ನೀನು ಉತ್ತರ ಬರೀಲಿಲ್ಲ. ಬೇಡ ಬಿಡು, ಬರೀದೆ ಇದ್ದಿದ್ದನ್ನೇ ಓದ್ಕಂಡ್ವಿ.

ಮದೋಗ ಒಂದ್ ಕೆಲಸ ಮಾಡಕ್ಕೆ ಹೊರಟಿದ್ದ. ಈಗ ಹೇಳಿದ್ರೆ ತೊಂದ್ರೆ ಇಲ್ಲ, ಅದು ಆಗ್ಲಿಲ್ಲ. ಊರಿನ ದೊಡ್ಡೋರನ್ನ ಹನ್ನೆರಡು ಜನ ಸೇರಿಸಿ, ಹೊವೆಲ್ ಸತ್ತಿದ್ದು ಸಂತ ಜಾನ್ ಹಬ್ಬಕ್ಕಿಂತ ಮುಂಚೆನೇ ಅಂತ ನ್ಯಾಯದ ಮನೇಲಿ ಆಣೆ ಇಡಿಸ್ತೀನಿ ಅಂದ. ಎಲ್ಲ ಒಪ್ಪಿದ್ರು. ಪಾದ್ರಿನೂ ನಂಗೆ ದಿನ ಮರ್ತೋಗೈತೆ ಅಂದ. ಮೊದಲ ಆಣೆ ಹೆಂಡ್ತಿದು ಆಗ್ಬೇಕು. ಮದೋಗ ಬಂದು ನನ್ ಕಾಲ ಹತ್ರ ಕೂತ. "ಒಂದ್ ತಿಂಗಳು ಹಿಂದಕ್ಕೆ ಹಾಕವ್ವ, ಅಷ್ಟೇ. ನಾವೆಲ್ಲ ಉಳ್ಕತೀವಿ" ಅಂದ.

ನಾನು ಆಗಲ್ಲ ಅಂದೆ.

ನರಕದ ಭಯಕ್ಕಲ್ಲ. ನಿಂಗೆ ಅನುಕೂಲ ಆಗ್ಲಿ ಅಂತಾನೂ ಅಲ್ಲ, ಹಂಗಂದ್ಕಂಡು ಹಿಗ್ಬೇಡ. ಆ ಹಬ್ಬ ಆದ್ಮೇಲೆ ಒಂದ್ ತಿಂಗಳು ನಿಮ್ಮಪ್ಪ ಬದುಕಿದ್ದ. ಮಾತು ಬಿದ್ದೋಗಿತ್ತು, ಎಡಗೈ ಬಿದ್ದೋಗಿತ್ತು. ದಿನಾ ಬಾಗ್ಲಲ್ಲಿ ಕೂರಿಸ್ತಿದ್ದೆ. ಹುಲ್ಲು ಕೊಯ್ಯೋದನ್ನ ನೋಡ್ತಿದ್ದ. ಗೊರೊನ್ವಿ ಮೆದೆ ಸೊಟ್ಟ ಒಟ್ಟಿದ್ರೆ ಬಲಗೈ ಎತ್ತಿ ಬೈತಿದ್ದ. ಮಜ್ಜಿಗೆ ಕುಡಿಸಿದ್ರೆ ಅರ್ಧ ಗಡ್ಡಕ್ಕೇ ಹೋಗ್ತಿತ್ತು, ನಗ್ತಿದ್ದ. ಮದುವೆ ಆಗಿ ಮೂವತ್ತು ವರ್ಷಕ್ಕೆ ಅವನು ನಂಜೊತೆ ಸುಮ್ನೆ ಕೂತಿದ್ದು ಅದೊಂದೇ ತಿಂಗಳು. ಅದು ಇರಲೇ ಇಲ್ಲ ಅಂತ ಎಲ್ಲರ್ ಮುಂದೆ ನಾನು ಹೇಳ್ಬೇಕಾ? ಹೊಲ ನೀನು ಕದ್ದೆ. ಆ ತಿಂಗಳನ್ನ ಮದೋಗಂಗೂ ಕೊಡಲ್ಲ, ನಿಂಗೂ ಕೊಡಲ್ಲ.

ಮದೋಗ ಈಗ ನಂಜೊತೆ ಮಾತಾಡ್ತಿಲ್ಲ. ಅದಕ್ಕೂ ನೀನೇ ಕಾರಣ. ಅದನ್ನೂ ನಿನ್ ಪೂಜೆ ಜೊತೆ ಸೇರಿಸ್ಕ.

ಮನೆ ನಿಂದು ಅಂದ್ಯಂತೆ. ನಾನು ಇಲ್ಲೇ ಕೂತಿದೀನಿ. ಬಂದು ಎತ್ತು.

ಅವ್ವ


ಲಡ್ಲೋ
ಫೆಬ್ರವರಿ ಮೂರು, ೧೫೪೪

ಗೊರೊನ್ವಿಗೆ,

ಅವ್ವನ ಕಾಗದ ತಲುಪಿತು. ಅದನ್ನು ಇಲ್ಲಿಗೆ ಬಿಡುತ್ತೇನೆ.

ಮಾರ್ಚ್ ಕೊನೆಗೆ, ಮೇರಿಮಾತೆಯ ಹಬ್ಬ ಕಳೆದ ವಾರದಲ್ಲಿ ನನ್ನ ಅಳತೆಗಾರ ಬರುತ್ತಾನೆ. ಅಪ್ಪನ ಪಟ್ಟಿಗಳು ಎಲ್ಲಿಂದ ಎಲ್ಲಿಗೆ ಎಂಬುದು ಯಾವ ದಾಖಲೆಯಲ್ಲೂ ಇಲ್ಲ. ಅವನ್ನು ಹಂಚಿದವನು ನೀನು. ಅವನ ಜೊತೆ ನಡೆದು ಒಂದೊಂದು ಬದುವನ್ನೂ ತೋರಿಸು. ತೋರಿಸಿದರೆ ಮನೆಯೂ ಅದರ ಸುತ್ತಲಿನ ಹೊಲವೂ ನಿನಗೆ, ನಿನ್ನ ಮಗನಿಗೆ, ಅವನ ಮಗನಿ‌ಗೆ, ಮೂರು ತಲೆಮಾರಿನ ಗೇಣಿಗೆ ಬರೆದುಕೊಡುತ್ತೇನೆ. ಗೇಣಿ ಹೆಸರಿಗೆ ಮಾತ್ರ. ಹುನಿದ್ ಬಸುರಿ ಎಂದು ಕೇಳಿದೆ. ಹುಟ್ಟುವ ಮಗುವಿನ ಮುಖ ನೋಡಿ ತೀರ್ಮಾನಿಸು. ಮದೋಗನ ವಿಷಯ ಬೇರೆ. ಅವನು ದಂಡೆ ಬಿಡಬೇಕಾಗುತ್ತದೆ.

ತೋರಿಸದಿದ್ದರೆ ನಿಮ್ಮಿಬ್ಬರನ್ನೂ ಬೇರೆ ಬೇರೆಯಾಗಿ ನೋಡಲು ನನಗೆ ಆಗುವುದಿಲ್ಲ.

ಎಡ್ವರ್ಡ್ ಪೊವೆಲ್


ಬ್ರಿನ್‌ಹೀರ್
ಈಸ್ಟರ್ ಕಳೆದ ಮಂಗಳವಾರ, ೧೫೪೪

ಎದ್ನವೆದ್,

ನಿನ್ನ ಅಳತೆಗಾರ ಬರಿಗೈಯಲ್ಲಿ ಬಂದು ಏನೇನೋ ಹೇಳಿರಬೇಕು. ನಡೆದದ್ದನ್ನು ನನ್ನಿಂದಲೂ ಕೇಳು.

ನನ್ನ ಹೆದರಿಕೆ ಎಲ್ಲಿದೆ ಎಂದು ನಿನಗೆ ಚಿಕ್ಕಂದಿನಿಂದ ಗೊತ್ತು. ಸರಿಯಾಗಿ ಅಲ್ಲಿಗೇ ಬೆರಳಿಟ್ಟೆ. ನಿನ್ನ ಕಾಗದ ಬಂದ ಮೇಲೆ ನನಗೆ ಊಟ ಸೇರಲಿಲ್ಲ. ಹುನಿದ್‌ನ ಹೊಟ್ಟೆ ನೋಡಿದರೆ ಭಯ, ಮದೋಗನ ಮುಖ ನೋಡಿದರೆ ಭಯ. ಹುನಿದ್ ಕೊನೆಗೆ, "ಕಾಗ್ದದಲ್ಲಿ ಏನೈತೆ? ಹೇಳ್ತೀಯೋ, ಇಲ್ಲ ನಾನೇ ಪಾದ್ರಿ ಹತ್ರ ಓದಿಸ್ಲೋ?" ಅಂದಳು. ಹೇಳಿದೆ. "ಮದೋಗನ ದಂಡೆ ಕಿತ್ಕಂಡು ನನ್ ಕೂಸಿಗೆ ತೊಟ್ಲು ಕಟ್ತಾನಂತಾ ನಿಮ್ಮಣ್ಣ? ಆ ತೊಟ್ಲಲ್ಲಿ ಅವನೇ ಮಲಗ್ಲಿ" ಅಂದಳು.

ಮರುದಿನ ಉಳುಮೆಯ ಕೂಟಕ್ಕೆ ಕದ್ವಗನ್‌ನ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ಯಾರ ನೇಗಿಲು, ಯಾರ ಎತ್ತು, ಮೊದಲು ಯಾರ ಪಟ್ಟಿ ಎಂದು ಮಾತಾಗುವ ಹೊತ್ತು. ನಾನು ನಿನ್ನ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಜೋರಾಗಿ ಓದಿದೆ. ಮದೋಗನ ವಿಷಯ ಬೇರೆ ಎಂಬ ಸಾಲನ್ನೂ ಬಿಡಲಿಲ್ಲ. ಮದೋಗ ಮಿಣಿಯ ಗಂಟನ್ನು ಬಿಚ್ಚುವುದು ಕಟ್ಟುವುದು ಮಾಡುತ್ತಿದ್ದ. ಕದ್ವಗನ್ ಮಾತ್ರ ಉಗುಳಿ, "ನಿಮ್ ಮೂವರ್ದೇ ಅಂದ್ಕಂಡ್ರಾ? ಬೇಲಿ ಬಿತ್ತು ಅಂದ್ರೆ ನಮ್ ಪಟ್ಟಿಗೆ ಹೋಗೋ ದಾರಿನೂ ಅದ್ರೊಳಗೇ. ಇವತ್ತು ಹೊವೆಲನ ಮಕ್ಳು, ನಾಳೆ ನನ್ ಮಕ್ಳು" ಅಂದ.

ನಾನು ಯಾವಾಗಲೂ ಹಾಗೆಯೇ, ಕೆಟ್ಟದ್ದನ್ನೇ ಯೋಚಿಸುವವನು. ಕೇಳಿಯೇಬಿಟ್ಟೆ: "ಅಳತೆಯವನು ಬಂದಾಗ ನಾನು ಗಾಬರೀಲಿ ಬದು ತಪ್ಪು ತೋರಿಸ್ಬಿಟ್ರೆ? ಕದ್ವಗನ್ದು ಹೋಗಿ ಅಣ್ಣಂದಾಗ್ಬಿಟ್ರೆ? ಒಂದ್ ಬದು ಗುರುತು ಸಿಗ್ದೆ ಹೋದ್ರೆ ಏನ್ ಮಾಡೋದು?"

ಎಲ್ಲರೂ ನನ್ನ ಕಡೆ ತಿರುಗಿದರು. ಕದ್ವಗನ್ ನಿಧಾನಕ್ಕೆ, "ಒಂದಲ್ಲಪ್ಪ. ಒಂದೂ ಸಿಗ್ದೆ ಹೋದ್ರೆ?" ಅಂದ.

ಬದು ಉಳುವುದೆಂದರೆ ನಮ್ಮಲ್ಲಿ ಎಂಥ ಪಾಪವೆಂದು ನಿನಗೆ ಗೊತ್ತು. ಬದು ಉತ್ತವನ ಜೊತೆ ಒಂದೇ ಬೆಂಚಿನ ಮೇಲೆ ಕೂರುವುದಿಲ್ಲ ನಾವು. ಮದೋಗ ಎದ್ದು, "ಅಪ್ಪನ ನೇಗ್ಲು ಕಬ್ಬಿಣ ಕೊಡು ಗೊರೊನ್ವಿ" ಅಂದ. ಅಪ್ಪ ಸತ್ತ ದಿನವನ್ನು ನಿನಗೆ ಬರೆದು ಕಳಿಸಿದವನು ನಾನೆಂದು ಅವನು ಚಳಿಗಾಲವಿಡೀ ನನ್ನ ಹೆಸರು ಹಿಡಿದು ಕರೆದಿರಲಿಲ್ಲ.

ನೇಗಿಲು ಹಿಡಿದವನು ಮದೋಗ. ಎತ್ತಿನ ಮುಂದೆ ಹಿಂದುಹಿಂದಕ್ಕೆ ನಡೆಯುತ್ತ ಹಾಡಿ ಕರೆಯುವವನು ನಾನು. ಮೊದಲ ಬದುವಿನ ಹತ್ತಿರ ನಾನು ಹಾಡು ನಿಲ್ಲಿಸಿದೆ. ಅದು ಕದ್ವಗನ್‌ನ ಪಟ್ಟಿಗೂ ನಮ್ಮದಕ್ಕೂ ನಡುವಿನ ಬದು, ಅಪ್ಪ ಊಟಕ್ಕೆ ಕೂರುತ್ತಿದ್ದ ಜಾಗ. ಎತ್ತುಗಳೂ ನಿಂತವು. ಹುಟ್ಟಿದಾಗಿನಿಂದ ಅಲ್ಲಿ ತಿರುಗಿ ಅಭ್ಯಾಸ ಅವಕ್ಕೆ. ಕದ್ವಗನ್ ತಾನೇ ಬಂದು ತನ್ನ ಎತ್ತಿನ ಮೂಗುದಾಣ ಹಿಡಿದು, "ನಡಿಯೋ ಮಗನೆ, ಇವತ್ತು ಮನೆ ದೊಡ್ಡದಾಯ್ತು" ಎಂದು ಎಳೆದ. ಹುಲ್ಲಿನ ಬೇರು ಹರಿಯುವ ಸದ್ದು ಬಟ್ಟೆ ಹರಿದ ಹಾಗಿತ್ತು. ನಾನು ಹಾಡಿದೆ. ಏನು ಹಾಡಿದೆನೋ ನನಗೆ ತಿಳಿಯದು, ಹುನಿದ್ ಮಾತ್ರ ಅದು ಹಾಡಲ್ಲ ಬೈಗುಳ ಎನ್ನುತ್ತಾಳೆ. ನಾನು ಕಿತ್ತು ನೆಟ್ಟು ಮತ್ತೆ ಕಿತ್ತು ಸರಿಮಾಡಿದ ಗೆರೆಗಳೆಲ್ಲವನ್ನೂ, ಗಡಿಕಲ್ಲುಗಳನ್ನು ಕಿತ್ತು ಹಾಕಿ, ನಾನೇ ಎತ್ತು ಕರೆದು ಕರೆದು ಉಳುಮೆಯಲ್ಲಿ ಅಳಿಸಿದೆ. ಒಂದೊಂದಕ್ಕೂ ನಿನ್ನ ಮೇಲಿನ ಸಿಟ್ಟು ಹೆಚ್ಚಾಯಿತು.

ಆಮೇಲೆ ನಿನ್ನವನು ಬಂದ, ಹಗ್ಗ ಹೊತ್ತುಕೊಂಡು, ಭಾಷೆ ತಿಳಿದವನೊಬ್ಬನನ್ನು ಜೊತೆಗೆ ಕಟ್ಟಿಕೊಂಡು. ಬಯಲು ಈ ತುದಿಯಿಂದ ಆ ತುದಿಗೆ ಒಂದೇ ಕಂದು ಬಣ್ಣ.

"ಎಡ್ವರ್ಡ್ ಪೊವೆಲ್ ಅವರ ಜಮೀನು ಯಾವುದು?" ಎಂದ.

"ಯಾರು ಸ್ವಾಮಿ ಅವರು? ಈ ಕಡೆಯೋರಾ?" ಎಂದ ಕದ್ವಗನ್.

"ಹೊವೆಲನ ಹಿರೇಮಗ!"

"ಓ, ನಮ್ ಎದ್ನವೆದ್ದಾ! ಐತಲ್ಲ, ಅವನ್ದೂ ಐತೆ."

"ಎಲ್ಲಿ?"

"ಇಲ್ಲೇ. ನೀವು ನಿಂತಿರೋದು ಅವನ್ದೇ ಇರ್ಬೋದು. ನಂದೂ ಇರ್ಬೋದು. ಬೂಟು ಎತ್ತಿ ಕೆಳಗೆ ಹೆಸ್ರು ಐತಾ ನೋಡಿ."

ಆತ ನನ್ನತ್ತ ತಿರುಗಿ ನಿನ್ನ ಕಾಗದದ ಮಾತು ಹೇಳಿದ. ಮೂರು ತಲೆಮಾರು, ಹೆಸರಿಗಷ್ಟೇ ಗೇಣಿ. "ನಾನು ಹಂಚಿದ್ದು ನಿಜ. ಆ ಹಂಚಿಕೆ ಹಂಚಿಕೇನೇ ಅಲ್ಲ ಅಂತ ನಿಮ್ ಯಜಮಾನ್ರೇ ಬರ್ದವ್ರೆ. ಇಲ್ಲದ್ದನ್ನ ಹೆಂಗೆ ತೋರಿಸ್ಲಿ?" ಅಂದೆ. ನಾನೇ ಅಂದೆನೇ ಎಂದು ನನಗೇ ಆಶ್ಚರ್ಯ.

ಆಮೇಲೆ ಮನೆ ಅಳೆಯಲು ಹೋದ. ಅವ್ವ ಅವನಿಗೆ ಮಜ್ಜಿಗೆ ಕೊಟ್ಟು, ಅವನ ಹಗ್ಗದ ಮೇಲೇ ಮಣೆ ಹಾಕಿಕೊಂಡು ಕೂತಳು. "ನಿಂಗೆ ತಾಯಿ ಅವ್ಳಾ ಮಗಾ? ಗೇಣಿ ಎಷ್ಟು ಕೊಡ್ತಾಳೆ?" ಎಂದು ಕೇಳಿದಳು. ಜೊತೆಯವನು ಅದನ್ನು ಇಂಗ್ಲಿಷಿನಲ್ಲಿ ಹೇಳಲು ಒಪ್ಪಲಿಲ್ಲ. ಮಜ್ಜಿಗೆ ಕುಡಿದು ಹಗ್ಗ ಬಿಟ್ಟು ಹೋದರು.

ನೀನು ಸುಮ್ಮನಿರುವುದಿಲ್ಲವೆಂದು ಗೊತ್ತು. ನಮ್ಮನ್ನೆಲ್ಲ ನ್ಯಾಯದ ಮನೆಗೆ ಎಳೆಯಬಹುದು. ಆಗ ಒಬ್ಬ ತಮ್ಮನನ್ನಲ್ಲ, ಯೊರ್ವರ್ಥನ ಸಂತಾನದ ಒಬ್ಬೊಬ್ಬನ ಹೆಸರನ್ನೂ ನೀನೇ ಕೈಯಾರೆ ಬರೆಯಬೇಕಾಗುತ್ತದೆ. ಗೆದ್ದರೂ ಗೆಲ್ಲುತ್ತೀಯ. ಕದ್ವಗನ್ ತನ್ನದನ್ನೂ ಕಳೆದುಕೊಳ್ಳಬಹುದು, ಹುನಿದ್ ದಾರಿಯಲ್ಲಿ ಹೆರಬಹುದು. ಇದನ್ನೆಲ್ಲ ನಾನು ಯೋಚಿಸಿಲ್ಲ ಎಂದುಕೊಳ್ಳಬೇಡ. ಯೋಚಿಸುವುದು ಬಿಟ್ಟು ನನಗೆ ಬೇರೆ ಕೆಲಸವಿಲ್ಲ. ಆದರೂ ಓಟ್ಸ್ ಬಿತ್ತಿದ್ದೇವೆ, ಮೊಳಕೆ ಬಂದಿದೆ.

ಫಸಲು ಬಂದಾಗ ಉಳುಮೆಯ ಕೂಟದ ಲೆಕ್ಕದಲ್ಲೇ ಪಾಲು. ನೇಗಿಲು ಹಿಡಿದವನಿಗೊಂದು, ಕಬ್ಬಿಣ ತಂದವನಿಗೊಂದು, ಎತ್ತು ಕಟ್ಟಿದವರಿಗೆ ಎತ್ತಿಗೊಂದೊಂದು, ಕರೆದವನಿಗೊಂದು. ಏನೂ ತರದವನಿಗೆ ಏನೂ ಇಲ್ಲ, ಅವನು ಹಿರಿಯನಾಗಲಿ ಕಿರಿಯನಾಗಲಿ. ಮುಂದಿನ ಫೆಬ್ರವರಿಯಲ್ಲಿ ಮತ್ತೆ ಕದ್ವಗನ್‌ನ ಅಂಗಳದಲ್ಲಿ ಸೇರುತ್ತೇವೆ. ಬರುವುದಾದರೆ ಒಂದು ಎತ್ತು ಹಿಡಿದುಕೊಂಡು ಬಾ. ಕಾಗದಕ್ಕೆ ನೊಗ ಕಟ್ಟಲು ನಮಗೆ ಬರುವುದಿಲ್ಲ.

ಹೊವೆಲನ ಮಗ
ಗೊರೊನ್ವಿ